ಬಾದಾಮಿ ಮ್ಯೂಸಿಯಂನಲ್ಲಿ ಮಕ್ಕಳಿಗೆ ಮೂರೇ ಮೂರು ತೋರಿಸಿ

ಪ್ರಶ್ನೆ: ನಾನು ಮುಧೋಳ ತಾಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಟೀಚರ್. ಪ್ರತಿ ವರ್ಷ ಆರು, ಏಳನೇ ತರಗತಿಯ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೇವೆ. ಹೋದ ವರ್ಷ ವಿಜಯಪುರದ ಗೋಳಗುಮ್ಮಟ ನೋಡಿದೆವು. ಅದರ ಮುಂದಿನ ಮ್ಯೂಸಿಯಂ ಒಳಗೆ ಹೋದ ಐವತ್ತು ಮಕ್ಕಳು ಹತ್ತೇ ನಿಮಿಷದಲ್ಲಿ ಹೊರಗೆ ಬಂದು "ಬರೀ ಒಡೆದ ಕಲ್ಲು ಅದಾವ ಟೀಚರ್" ಅಂದರು. ನನಗೂ ಏನು ಹೇಳಬೇಕೋ ತಿಳಿಯಲಿಲ್ಲ. ಈ ಸಲ ಬಾದಾಮಿಗೆ ಹೊರಟಿದ್ದೇವೆ. ಅಲ್ಲಿನ ಮ್ಯೂಸಿಯಂನಲ್ಲಿ ಲಜ್ಜಾಗೌರಿ ಮೂರ್ತಿ, ಅಂದರೆ ಹೆರಿಗೆಯ ಭಂಗಿಯಲ್ಲಿರುವ ದೇವಿಯ ಮೂರ್ತಿ ಇದೆಯಂತೆ. ಮಕ್ಕಳು ಕೇಳಿದರೆ ಏನು ಹೇಳೋದು ಅಂತ ಒಂದು ಅಂಜಿಕೆ. ಮ್ಯೂಸಿಯಂ ಬಿಟ್ಟು ಬರೀ ಗುಹೆ ತೋರಿಸಿ ಬಂದರೆ ಸಾಕಾ?

ಉತ್ತರ: ಬಿಡಬೇಡಿ ಅಕ್ಕೋರೇ. ದಯವಿಟ್ಟು ಬಿಡಬೇಡಿ. ಮಕ್ಕಳು "ಬರೀ ಒಡೆದ ಕಲ್ಲು" ಅಂದದ್ದಕ್ಕೆ ಬೇಜಾರೂ ಮಾಡಿಕೊಳ್ಳಬೇಡಿ. ಅವರು ಕಂಡದ್ದನ್ನು ಕಂಡ ಹಾಗೆ ಹೇಳಿದ್ದಾರೆ, ಅಷ್ಟೇ.

ನಾನು ಆರನೇ ಇಯತ್ತೆಯಲ್ಲಿದ್ದಾಗ ನಮ್ಮನ್ನೂ ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದರು. ಕೈ ಹಿಂದೆ ಕಟ್ಟಿಕೊಂಡು ಸಾಲಾಗಿ ನಡೆಯಬೇಕು, ನಿಲ್ಲಬಾರದು, ಮಾತಾಡಬಾರದು. ಕಾವಲಿನವರು "ಮುಂದ ನಡೀರಿ, ಮುಂದ ನಡೀರಿ" ಅಂತ ಕೂಗುತ್ತಲೇ ಇದ್ದರು. ಆ ದಿನದಿಂದ ನನಗೆ ನೆನಪಿರುವುದು ನನ್ನ ಮುಂದಿದ್ದ ಹುಡುಗನ ಅಂಗಿಯ ಕಾಲರ್ ಮಾತ್ರ. ಆಮೇಲೆ ಇಪ್ಪತ್ತಾರು ವರ್ಷ ನಾನು ಮ್ಯೂಸಿಯಂಗಳಲ್ಲೇ ಕೆಲಸ ಮಾಡಿದೆ. ಶಾಲೆ ಮಕ್ಕಳು ಬಂದ ದಿನವೆಲ್ಲ ಆ ಕಾಲರ್ ನೆನಪಾಗುತ್ತಿತ್ತು. ಅದಕ್ಕೇ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ.

ಮ್ಯೂಸಿಯಂನಲ್ಲಿರುವ ಹೆಚ್ಚುಕಡಿಮೆ ಪ್ರತಿಯೊಂದು ವಸ್ತುವೂ ತನ್ನ ಜಾಗ ಬಿಟ್ಟು ಬಂದದ್ದು. ಯಾವುದೋ ಗುಡಿಯ ಗೋಡೆಯಿಂದ, ಕೆರೆಯ ದಂಡೆಯಿಂದ, ಯಾರದೋ ಹೊಲದ ಬದುವಿನಿಂದ. ಅಲ್ಲಿದ್ದಾಗ ಅದಕ್ಕೊಂದು ಕೆಲಸ ಇತ್ತು, ಅದನ್ನು ನೋಡುವ, ಮುಟ್ಟುವ, ಅದಕ್ಕೆ ಅರಿಶಿನ ಹಚ್ಚುವ ಜನ ಇದ್ದರು. ಇಲ್ಲಿ ಬಂದ ಮೇಲೆ ಒಂದು ಕಟ್ಟೆ, ಒಂದು ನಂಬರು, ಒಂದು ಫಲಕ. ಮಕ್ಕಳಿಗೆ ಒಡೆದ ಕಲ್ಲಿನ ಹಾಗೆ ಕಂಡರೆ ತಪ್ಪೇನು? ನಿಮ್ಮ ಕೆಲಸ ಒಂದೇ. ಆ ಕಲ್ಲನ್ನು ಮಕ್ಕಳ ಕಣ್ಣೆದುರು ಮತ್ತೆ ಅದರ ಊರಿಗೆ ಕಳಿಸಬೇಕು. ಎಲ್ಲ ಕಲ್ಲನ್ನೂ ಕಳಿಸಲಿಕ್ಕೆ ಆಗುವುದಿಲ್ಲ. ಮೂರು ಸಾಕು. ಹೌದು, ಮೂರೇ. ನೂರು ಮೂರ್ತಿ ಇದ್ದರೂ ಮೂರರ ಮುಂದೆ ಮಾತ್ರ ನಿಲ್ಲಿ, ಆದರೆ ಒಂದೊಂದರ ಮುಂದೆ ಹತ್ತು ನಿಮಿಷ ನಿಲ್ಲಿ.

ಕೆಲಸ ಶಾಲೆಯಲ್ಲೇ ಶುರುವಾಗಲಿ. ಫಲಕದ ಮೇಲೆ ಏನಿರುತ್ತದೆ ನೋಡಿ: ಮೂರ್ತಿಯ ಹೆಸರು, ಶತಮಾನ, ಕೊನೆಗೆ "ಮರಳುಗಲ್ಲು" ಅಂತ ಒಂದು ಪದ. ಆ ಕೊನೆಯ ಪದವನ್ನು ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ನನ್ನ ಮಟ್ಟಿಗೆ ಮಕ್ಕಳಿಗೆ ಅದೇ ಮೊದಲ ಬಾಗಿಲು. ಪ್ರವಾಸಕ್ಕೆ ಒಂದು ವಾರ ಮೊದಲು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ನಾಲ್ಕು ಕಲ್ಲು ಹೊಂದಿಸಿ. ವಿಜಯಪುರ ಕಡೆಯ ಕರಿಕಲ್ಲು ಒಂದು. ಇಳಕಲ್ಲಿನ ಗುಲಾಬಿ ಗ್ರಾನೈಟ್ ಒಂದು, ಗ್ರಾನೈಟ್ ಕೊಯ್ಯುವ ಕಡೆ ಬಿಸಾಕಿದ ಚೂರು ಸಿಗುತ್ತದೆ. ಬಾದಾಮಿ, ಗುಳೇದಗುಡ್ಡ ಕಡೆಯ ಕೆಂಪು ಮರಳುಗಲ್ಲು ಒಂದು, ಮನೆ ಕಟ್ಟುವವರ ಹತ್ತಿರ ಕೇಳಿ, ಗುಡ್ಡದಿಂದ ಮಾತ್ರ ಕಿತ್ತು ತರಬೇಡಿ. ಇನ್ನೊಂದು ಸುಣ್ಣದಕಲ್ಲು. ಅದಕ್ಕಂತೂ ನಿಮ್ಮ ಮುಧೋಳ, ಲೋಕಾಪುರ ಕಡೆ ಬರವೇ ಇಲ್ಲ, ಸಿಮೆಂಟ್ ಫ್ಯಾಕ್ಟರಿಗಳು ಅಲ್ಲಿಗೆ ಬಂದದ್ದೇ ಅದಕ್ಕೆ.

ಮಕ್ಕಳು ಮುಟ್ಟಲಿ, ತೂಗಿ ನೋಡಲಿ, ನೀರು ಹಾಕಲಿ. ಕರಿಕಲ್ಲಿನಲ್ಲಿ ಅಲ್ಲಲ್ಲಿ ಸಣ್ಣ ತೂತು ಕಾಣಬಹುದು, ಕೆಲವು ತೂತಿನಲ್ಲಿ ಬಿಳಿ ಹರಳು ತುಂಬಿರುತ್ತದೆ. ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿಕೊಂಡು ಹರಿದ ಲಾವಾ. ಅದರೊಳಗಿನ ಗಾಳಿಗುಳ್ಳೆಗಳೇ ಆ ತೂತು. ಸುಣ್ಣದಕಲ್ಲನ್ನು ಕೆರೆದು ಪುಡಿ ಮಾಡಿ ಲಿಂಬೆಹಣ್ಣು ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ, ಕಿವಿ ಹತ್ತಿರ ಹಿಡಿದರೆ ಸದ್ದೂ ಕೇಳಬಹುದು. ಕೆಂಪು ಮರಳುಗಲ್ಲನ್ನು ಭೂತಗನ್ನಡಿಯಲ್ಲಿ ತೋರಿಸಿ. ಸಕ್ಕರೆ ಹರಳಿನ ಹಾಗೆ ಮರಳಿನ ಕಾಳುಗಳು ಒಂದಕ್ಕೊಂದು ಅಂಟಿಕೊಂಡಿರುವುದು ಕಾಣುತ್ತದೆ. ಆ ಕೆಂಪು ಕಬ್ಬಿಣದ ತುಕ್ಕಿನ ಬಣ್ಣ.

ಈಗ ನಿಮ್ಮ ಘಟಪ್ರಭಾ ಹೊಳೆಯನ್ನು ನೆನಪು ಮಾಡಿಸಿ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಮರಳಿನ ಮೇಲೆ ಸಣ್ಣ ಸಣ್ಣ ಅಲೆಯ ಗುರುತು ಮೂಡಿರುತ್ತವಲ್ಲ, ಬರಿಗಾಲಲ್ಲಿ ನಡೆದರೆ ಅಂಗಾಲಿಗೆ ಕಚಗುಳಿ ಆಗುತ್ತದಲ್ಲ, ಅದೇ ಅಲೆ ಬಾದಾಮಿಯ ಬಂಡೆಯಲ್ಲಿ ಕಲ್ಲಾಗಿ ನಿಂತಿದೆ. ಗುಹೆಯ ಗೋಡೆಗಳಲ್ಲಿ ಓರೆ ಓರೆಯಾಗಿ ಪಟ್ಟಿ ಪಟ್ಟಿ ಗೆರೆ ಕಾಣುತ್ತವೆ. ಕೆತ್ತಿದವರು ಎಳೆದ ಗೆರೆ ಅಲ್ಲ ಅವು. ಹರಿಯುವ ನೀರು ಮರಳನ್ನು ಪದರ ಪದರವಾಗಿ ಸುರಿದು ಹೋದ ಗುರುತು. 50 ಕೋಟಿ ವರ್ಷಕ್ಕಿಂತಲೂ ಹಳೆಯದು. ಆಗ ನೆಲದ ಮೇಲೆ ಒಂದು ಗಿಡವೂ ಇರಲಿಲ್ಲ. ಇಷ್ಟು ಗೊತ್ತಾದ ಹುಡುಗ ಬಾದಾಮಿಯಲ್ಲಿ ಬಸ್ ಇಳಿದ ತಕ್ಷಣ ಮೂರ್ತಿಗಿಂತ ಮೊದಲು ಗುಡ್ಡ ನೋಡುತ್ತಾನೆ. ನಾನು ಇದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. ಮ್ಯೂಸಿಯಂ ಒಳಗೆ ಮುಟ್ಟಬೇಡಿ ಅಂತ ಹೇಳುವುದೂ ಆಗ ಸುಲಭ. ಅದೇ ಕಲ್ಲು ಅವರ ಕೈಗೆ ಆಗಲೇ ಗೊತ್ತಿರುತ್ತದೆ. ಮರಳಿನ ಕಾಳು ಉದುರುವ ಕಲ್ಲು ಇದು, ದಿನಾ ನೂರಾರು ಕೈ ಸವರಿದರೆ ಏನಾಗುತ್ತದೆ ಅಂತ ಕೇಳಿ. ಉತ್ತರ ಅವರೇ ಹೇಳುತ್ತಾರೆ.

ಇನ್ನು ಬಾದಾಮಿಯ ದಿನ. ಬಹಳ ಜನ ಮೊದಲು ಗುಹೆ ಹತ್ತಿ, ಬಿಸಿಲಲ್ಲಿ ದಣಿದು, ಊಟ ಆದ ಮೇಲೆ ಟೈಮ್ ಉಳಿದರೆ ಅಂತ ಮ್ಯೂಸಿಯಂಗೆ ಬರುತ್ತಾರೆ. ಉಲ್ಟಾ ಮಾಡಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮ್ಯೂಸಿಯಂ, ಆಮೇಲೆ ಗುಹೆ. ಗುಹೆಗಳು ಅಗಸ್ತ್ಯ ತೀರ್ಥ ಅನ್ನುವ ಕೆರೆಯ ದಕ್ಷಿಣದ ಗುಡ್ಡದಲ್ಲಿವೆ, ಮ್ಯೂಸಿಯಂ ಉತ್ತರದ ಗುಡ್ಡದ ಬುಡದಲ್ಲಿ. ನಡುವೆ ನೀರು. ಮ್ಯೂಸಿಯಂ ನಾಲ್ಕು ಗ್ಯಾಲರಿಯದು, ದೊಡ್ಡದಲ್ಲ. ಐವತ್ತು ಮಕ್ಕಳು ಒಟ್ಟಿಗೆ ಒಳಗೆ ಹೋದರೆ ಯಾರಿಗೂ ಏನೂ ಕಾಣುವುದಿಲ್ಲ, ಮುಂದಿನವರ ಕಾಲರ್ ಬಿಟ್ಟು. ಹನ್ನೆರಡು ಹನ್ನೆರಡು ಮಕ್ಕಳ ಗುಂಪು ಮಾಡಿ. ಒಂದು ಗುಂಪು ಒಳಗೆ ಇರುವಾಗ ಉಳಿದವರು ಇನ್ನೊಬ್ಬ ಟೀಚರ್ ಜೊತೆ ಹೊರಗೆ ಕೆರೆಯ ಮೆಟ್ಟಿಲ ಮೇಲೆ ಕೂತು ಎದುರಿನ ಗುಡ್ಡದ ಚಿತ್ರ ಬಿಡಿಸಲಿ.

ಒಳಗೆ ಮೊದಲು ಕಲ್ಲಿನ ಆಯುಧಗಳ ಹತ್ತಿರ ಹೋಗಿ. ಎಲ್ಲರೂ ಬಿಟ್ಟು ಹೋಗುವ ಜಾಗ ಅದು, ಯಾಕೆಂದರೆ ನೋಡಲಿಕ್ಕೆ ಸುಮ್ನೆ ದಾರಿ ಮೇಲಿನ ಕಲ್ಲಿನ ಹಾಗೆ ಇರುತ್ತವೆ. ಬಾದಾಮಿ ಸುತ್ತಲಿನ ಮಲಪ್ರಭಾ ಕಣಿವೆಯಲ್ಲಿ ಲಕ್ಷಾಂತರ ವರ್ಷದಿಂದ ಮನುಷ್ಯರು ಇದ್ದಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಈ ಕಣಿವೆಯಲ್ಲಿ ಇಂಥ ಕಲ್ಲಿನ ಆಯುಧ ಗುರುತಿಸಿದ್ದರು. ಒಂದು ಕೈಗೊಡಲಿಯ ಮುಂದೆ ಮಕ್ಕಳನ್ನು ನಿಲ್ಲಿಸಿ, ಗಾಜಿನ ಈ ಕಡೆ ಅಂಗೈ ತೆರೆಯಲಿಕ್ಕೆ ಹೇಳಿ. ಇದನ್ನು ನೀನು ಹೇಗೆ ಹಿಡೀತೀ? ಯಾವ ತುದಿ ಅಂಗೈ ಒಳಗೆ, ಯಾವ ತುದಿ ಹೊರಗೆ? ಬೆರಳು ಕೊಯ್ಯದ ಹಾಗೆ ಹಿಡಿಯುವುದು ಹೇಗೆ? ಒಂದೇ ನಿಮಿಷದಲ್ಲಿ ಹನ್ನೆರಡು ಕೈಗಳು ಗಾಳಿಯಲ್ಲಿ ಕಲ್ಲು ಹಿಡಿದು ನಿಂತಿರುತ್ತವೆ. ಆಮೇಲೆ ಕಲ್ಲಿನ ಮೈ ನೋಡಿಸಿ. ಗಟ್ಟಿ ಬೆಲ್ಲದ ಪೆಂಟೆಯಿಂದ ಚಕ್ಕೆ ಎಬ್ಬಿಸಿದರೆ ಗುಳಿ ಬೀಳುತ್ತದಲ್ಲ, ಅಂಥ ಗುಳಿಗಳು ಮೈ ತುಂಬ ಇರುತ್ತವೆ. ಒಂದೊಂದು ಗುಳಿಯೂ ಒಂದೊಂದು ಏಟು. ಎಣಿಸಲಿಕ್ಕೆ ಹೇಳಿ. ಎಣಿಸಿ ಮುಗಿಸಿದ ಮಗುವಿಗೆ ಇದು ದಾರಿ ಮೇಲಿನ ಕಲ್ಲಲ್ಲ, ಯಾರೋ ಕೂತು ಮಾಡಿದ್ದು ಅಂತ ನೀವು ಹೇಳುವ ಅಗತ್ಯವೇ ಬೀಳುವುದಿಲ್ಲ. ಅದೇ ಮ್ಯೂಸಿಯಂನಲ್ಲಿ ಸಿಡಿಲಫಡಿಯ ಮಾದರಿಯೊಂದನ್ನು ಮಾಡಿಟ್ಟಿದ್ದಾರೆ. ಬಾದಾಮಿಯ ಹತ್ತಿರವೇ ಇರುವ, ಆದಿಮಾನವರು ಚಿತ್ರ ಬರೆದ ಬಂಡೆಯಾಸರೆ ಅದು. ಕೈಯಲ್ಲಿ ಕಲ್ಲು ಹಿಡಿದ ಮಕ್ಕಳನ್ನು ನೇರ ಅಲ್ಲಿಗೆ ಕರೆದುಕೊಂಡು ಹೋಗಿ, ಇವರೇ ಆ ಕಲ್ಲು ಹಿಡಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಅಂತ ತೋರಿಸಿ.

ಎರಡನೆಯದು ವೀರಗಲ್ಲು. ಇದು ನಿಮ್ಮ ಊರಲ್ಲೂ ಇರಬಹುದು, ಹನುಮಪ್ಪನ ಗುಡಿ ಪಕ್ಕದಲ್ಲೋ ಕೆರೆ ಏರಿ ಮೇಲೋ ಅರ್ಧ ಹೂತು ನಿಂತಿರಬಹುದು, ಅದಕ್ಕೆ ಎಣ್ಣೆ ಹಚ್ಚಿ ದೇವರು ಅಂತ ಕೈ ಮುಗಿಯುತ್ತಿರಬಹುದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇದೊಂದು ಗುಟ್ಟು ಹೇಳಿಕೊಟ್ಟರೆ ಸಾಕು, ಮಕ್ಕಳು ಚಿತ್ರಕಥೆ ಓದಿದ ಹಾಗೆ ತಾವೇ ಓದುತ್ತಾರೆ. ಸಾಮಾನ್ಯವಾಗಿ ಮೂರು ಪಟ್ಟಿಗಳಿರುತ್ತವೆ. ಕೆಳಗಿನ ಪಟ್ಟಿಯಲ್ಲಿ ಜಗಳ ನಡೆದಿದೆ. ಕತ್ತಿ, ಬಿಲ್ಲು, ಗುರಾಣಿ. ಅಲ್ಲಿ ದನಗಳು ಕಂಡರೆ ಅದು ದನ ಹೊಡೆದುಕೊಂಡು ಹೋಗುವವರ ಜೊತೆ ನಡೆದ ಕಾದಾಟ. ಹಳೆಗನ್ನಡದಲ್ಲಿ ದನಕ್ಕೆ ತುರು ಅನ್ನುತ್ತಾರೆ, ಈ ದನ ಹಿಡಿಯುವ ಜಗಳಕ್ಕೆ ತುರುಗೊಳ್ ಅಂತ ಹೆಸರು. ನಡುವಿನ ಪಟ್ಟಿಯಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಮೇಲೆ ಹೋಗುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೈ ಮುಗಿದು ಕೂತಿದ್ದಾನೆ. ಎಲ್ಲಕ್ಕಿಂತ ಮೇಲೆ ಸೂರ್ಯ, ಚಂದ್ರ. ಅವು ಇರುವವರೆಗೂ ಇವನ ಹೆಸರು ಇರಲಿ ಅಂತ.

ಇಲ್ಲಿ ಒಂದು ಮಾತು ಕೇಳಿ. ಇವನು ರಾಜನಾ? ಅಲ್ಲ. ಎಷ್ಟೋ ವೀರಗಲ್ಲುಗಳಲ್ಲಿ ಇರುವವನು ಊರಿನ ಸಾಮಾನ್ಯ ಮನುಷ್ಯ. ನಮ್ಮ ದನ ಉಳಿಸಲಿಕ್ಕೆ ಹೋಗಿ ಸತ್ತ, ಅವನನ್ನು ಮರೆಯಬಾರದು ಅಂತ ಕಲ್ಲು ನಿಲ್ಲಿಸಿದರು. ಇತಿಹಾಸ ಅಂದರೆ ರಾಜರ ಪಟ್ಟಿ ಅಂತ ಬಾಯಿಪಾಠ ಮಾಡಿದ ಮಕ್ಕಳಿಗೆ ಈ ಕಲ್ಲು ಮಾಡುವ ಉಪಕಾರ ದೊಡ್ಡದು. ದನ ಕಾಯುವ ಮನೆಯಿಂದ ಬಂದ ಹುಡುಗ ಈ ಕಲ್ಲಿನ ಮುಂದೆ ಬೇರೆ ಥರವೇ ನಿಲ್ಲುತ್ತಾನೆ. ಅವನಿಗೆ ದನದ ಬೆಲೆ ಗೊತ್ತು.

ಈಗ ಲಜ್ಜಾಗೌರಿ. ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಆ ಮೂರ್ತಿಯ ಮುಂದೆ ಟೀಚರ್‌ಗಳು ಮಕ್ಕಳ ತೋಳು ಹಿಡಿದು ಎಳೆದುಕೊಂಡು ಹೋಗುವುದನ್ನು, ಮಕ್ಕಳು ಹಿಂದೆ ತಿರುಗಿ ಕಿಸಕ್ಕನೆ ನಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಎಳೆದಷ್ಟೂ ನಗು ಜಾಸ್ತಿ. ನಿಂತು ಮಾತಾಡಿದರೆ ನಗು ನಿಲ್ಲುತ್ತದೆ. ಮೂರ್ತಿ ಹೀಗಿದೆ: ತಲೆ ಇಲ್ಲ, ತಲೆಯ ಜಾಗದಲ್ಲಿ ಅರಳಿದ ತಾವರೆ. ಕೈಗಳಲ್ಲೂ ತಾವರೆಯ ಮೊಗ್ಗು. ಕಾಲು ಮಡಿಸಿ ಅಗಲ ಮಾಡಿಕೊಂಡಿದ್ದಾಳೆ, ಹೆರಿಗೆಯ ಹೊತ್ತಿನ ಹಾಗೆ. ಬಾದಾಮಿಯ ಹತ್ತಿರದ ನಾಗನಾಥಕೊಳ್ಳದಿಂದ ಬಂದವಳು ಅವಳು.

ಮಕ್ಕಳಿಗೆ ಮೊದಲು ತಾವರೆ ತೋರಿಸಿ. ತಲೆಯ ಜಾಗದಲ್ಲಿ ಹೂವು ಯಾಕಿಟ್ಟರು ಅಂತ ಕೇಳಿ. ಆಮೇಲೆ ಸೀಗಿ ಹುಣ್ಣಿಮೆ ನೆನಪು ಮಾಡಿಸಿ. ಆ ದಿನ ಮನೆಯವರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಯಾಕೆ? ಪೈರು ತೆನೆ ಕಟ್ಟುವ ಹೊತ್ತು, ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು. ಬಸುರಿ ಹೆಂಗಸಿಗೆ ಮಾಡಿದ ಹಾಗೆ ಹೋಳಿಗೆ, ಕಡಬು, ಬುತ್ತಿ ಎಲ್ಲ ಮಾಡಿ ಹೊಲಕ್ಕೆ ಒಯ್ಯುತ್ತೇವೆ. ಈ ಮೂರ್ತಿಯೂ ಅದೇ ಮಾತನ್ನು ಕಲ್ಲಿನಲ್ಲಿ ಹೇಳುತ್ತದೆ. ಹೆರುವವಳು, ಬೆಳೆ ಕೊಡುವವಳು, ನೀರು ಕೊಡುವವಳು ಮೂವರೂ ಒಬ್ಬಳೇ, ಅವಳಿಗೆ ಕೈ ಮುಗಿಯಬೇಕು. ನಿಮ್ಮ ಮಕ್ಕಳು ಹಳ್ಳಿಯವರು, ಎಮ್ಮೆ ಕರು ಹಾಕುವುದನ್ನು ಕೊಟ್ಟಿಗೆಯಲ್ಲಿ ನಿಂತು ನೋಡಿದವರು. ಅವರಿಗೆ ಇದು ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ಐಹೊಳೆ ಹತ್ತಿರದ ಸಿದ್ಧನಕೊಳ್ಳದಲ್ಲಿ ಇಂಥದೇ ಮೂರ್ತಿಗೆ ಇವತ್ತಿಗೂ ಪೂಜೆ ನಡೆಯುತ್ತದೆ, ಮಕ್ಕಳಾಗಲಿ ಅಂತ ಹೆಣ್ಣುಮಕ್ಕಳು ಹರಕೆ ಹೊರುತ್ತಾರೆ. ಅಲ್ಲಿ ಯಾರೂ ನಗುವುದಿಲ್ಲ ಅಕ್ಕೋರೇ. ಮ್ಯೂಸಿಯಂನಲ್ಲಿ ನಗು ಬರುವುದು ಮೂರ್ತಿಯ ಸುತ್ತ ಇದ್ದ ಜನ, ಎಣ್ಣೆ, ಅರಿಶಿನ, ಹರಕೆ ಎಲ್ಲ ಇಲ್ಲದೆ ಹೋದದ್ದರಿಂದ. ಅದನ್ನು ನೀವು ಎರಡು ಮಾತಿನಲ್ಲಿ ವಾಪಸ್ ತಂದುಕೊಡಿ.

ಬೇರೆ ಮೂರ್ತಿಗಳ ಮೂಗು ಯಾಕೆ ಒಡೆದಿದೆ, ಯಾರು ಒಡೆದರು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದೇ ಉತ್ತರ ಕೊಟ್ಟು ಮುಗಿಸಬೇಡಿ. ಬೇಕಂತಲೇ ಒಡೆದದ್ದೂ ಇದೆ, ಗೋಡೆ ಬಿದ್ದು ಒಡೆದದ್ದೂ ಇದೆ, ಮಣ್ಣಲ್ಲಿ ಹೂತು, ಮಳೆಗೆ ಸವೆದು ಹೋದದ್ದೂ ಇದೆ. ಒಂದು ಮೂರ್ತಿ ಮುಖ ಅಡಿಯಾಗಿ ಬಿದ್ದರೆ ಮೊದಲು ನೆಲಕ್ಕೆ ತಾಗುವುದು ಯಾವುದು ಅಂತ ಮಕ್ಕಳನ್ನೇ ಕೇಳಿ. ಮೂಗು, ಮುಂದೆ ಚಾಚಿದ ಕೈ. ಒಡೆದ ಜಾಗ ನೋಡಿ ಕಾರಣ ಹುಡುಕುವುದು ಮ್ಯೂಸಿಯಂನವರ ದಿನನಿತ್ಯದ ಕೆಲಸ. ಮಕ್ಕಳಿಗೂ ಆ ಕೆಲಸ ಇಷ್ಟವಾಗುತ್ತದೆ.

ಫಲಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿರಿ ಅಂತ ಮಾತ್ರ ಹೇಳಬೇಡಿ. ನನ್ನ ಕಣ್ಣಿಗೆ ಇದಕ್ಕಿಂತ ದೊಡ್ಡ ತಪ್ಪು ಇಲ್ಲ. ಬರೆಯುವ ಮಗು ಫಲಕ ನೋಡುತ್ತದೆ, ಮೂರ್ತಿ ನೋಡುವುದಿಲ್ಲ. ಬೇಕಾದರೆ ಒಂದು ಪೆನ್ಸಿಲ್, ಒಂದು ಹಾಳೆ ಕೊಟ್ಟು ಒಂದೇ ಒಂದು ಕೈ ಬಿಡಿಸಲಿಕ್ಕೆ ಹೇಳಿ. ಯಾವ ಮೂರ್ತಿಯದಾದರೂ ಸರಿ, ಬರೀ ಕೈ. ಬೆರಳು ಎಷ್ಟು ಬಾಗಿದೆ, ಬಳೆ ಎಷ್ಟಿದೆ, ಏನು ಹಿಡಿದಿದೆ. ಚೆಂದ ಬರಬೇಕಿಲ್ಲ.

ಅಲ್ಲಿಂದ ಹೊರಗೆ ಬಂದು ಗುಹೆಗೆ ಹೋದಾಗ ನೋಡಿ ವ್ಯತ್ಯಾಸ. ಮ್ಯೂಸಿಯಂನಲ್ಲಿ ಕಟ್ಟೆ ಮೇಲೆ ನಿಂತಿದ್ದ ದೇವರು ಅಲ್ಲಿ ಗುಡ್ಡದೊಳಗೇ ಕೂತಿದ್ದಾನೆ, ಎತ್ತಿಕೊಂಡು ಹೋಗಲಿಕ್ಕೆ ಆಗುವುದೇ ಇಲ್ಲ. ಮೂರನೇ ಗುಹೆಯಲ್ಲಿ ಚಾಲುಕ್ಯ ಅರಸುಮನೆತನದ ಮಂಗಳೇಶನ 578ರ ಶಾಸನ ಇದೆ, ಇಂಥ ಗುಹೆಗೆ ಇಂಥ ವರ್ಷ ಅಂತ ಗಟ್ಟಿಯಾಗಿ ಹೇಳಲಿಕ್ಕೆ ಆಗುವುದು ಅದರಿಂದಲೇ. ಮಂಗಗಳ ಕಾಟ ಇದೆ, ತಿಂಡಿಯ ಚೀಲ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿಸಬೇಡಿ. ಟೈಮ್ ಇದ್ದರೆ, ಕಾಲು ಇನ್ನೂ ಗಟ್ಟಿ ಇದ್ದರೆ, ತಟ್ಟುಕೋಟೆ ಕಡೆಯ ಬಂಡೆಯ ಮೇಲಿನ, ಕಪ್ಪೆ ಅರಭಟ್ಟ ಅನ್ನುವ ವೀರನ ಶಾಸನ ನೋಡಿಸಿ. ಸುಮಾರು 700ರದು. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಅಂತ ಅದರಲ್ಲಿದೆ. 1300 ವರ್ಷದ ಹಿಂದಿನ ಕನ್ನಡ, ತ್ರಿಪದಿ. ಒಳ್ಳೆಯವರಿಗೆ ಒಳ್ಳೆಯವನು ಅಂತ ಏಳನೇ ತರಗತಿಯ ಮಗುವಿಗೂ ಅರ್ಥ ಆಗುತ್ತದೆ. ಅಜ್ಜಿ ಬೀಸುವಾಗ ಹಾಡುತ್ತಿದ್ದ ಹಾಡಿನ ಮೂರು ಸಾಲಿನ ಧಾಟಿಯೇ ಇದು ಅಂತ ಹೇಳಿ, ಹಾಡು ಬರುವ ಮಗು ಇದ್ದರೆ ಅಲ್ಲೇ ಒಂದು ಹಾಡಿಸಿ.

ವಿಜಯಪುರದ ಮ್ಯೂಸಿಯಂ ಬಗ್ಗೆಯೂ ಎರಡು ಮಾತು, ಯಾಕೆಂದರೆ ಮುಂದಿನ ವರ್ಷದ ಮಕ್ಕಳನ್ನು ನೀವು ಮತ್ತೆ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ನನಗೆ ಆಸೆ. ಅದು ಬಾದಾಮಿಯ ಹಾಗೆ ಅಲ್ಲ. 1892ರಲ್ಲಿ ಜಿಲ್ಲಾ ಮ್ಯೂಸಿಯಂ ಆಗಿ ಶುರುವಾದದ್ದು, 1982ರಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ತನ್ನ ಕೈಗೆ ತೆಗೆದುಕೊಂಡಿತು. ಮ್ಯೂಸಿಯಂ ಇರುವ ಕಟ್ಟಡವೇ ನಗಾರಖಾನೆ, ಅಂದರೆ ನಗಾರಿ ಬಾರಿಸುತ್ತಿದ್ದ ಜಾಗ. ಒಳಗೆ ಹೋಗುವ ಮೊದಲು ಇದನ್ನು ಹೇಳಿ, ಆಗ ಕಟ್ಟಡವೇ ಮೊದಲ ವಸ್ತು ಆಗುತ್ತದೆ. ಆರು ಗ್ಯಾಲರಿ ಇವೆ, ಮೇಲೆ ಕೆಳಗೆ ಎರಡು ಅಂತಸ್ತು. ಅರಬ್ಬಿ, ಪಾರಸಿ, ಕನ್ನಡ, ಸಂಸ್ಕೃತ ಶಾಸನಗಳು, ಜೈನ ಮೂರ್ತಿಗಳು, ಚಿತ್ರಗಳು, ಗಾಲೀಚೆ, ಚೀನಾ ಪಿಂಗಾಣಿ, ಬೀದರಿ ಸಾಮಾನು, ಕತ್ತಿ, ಫರ್ಮಾನು ಅಂದರೆ ಸುಲ್ತಾನರ ಆಜ್ಞಾಪತ್ರ ಎಲ್ಲ ಇವೆ. ಅಷ್ಟನ್ನೂ ತೋರಿಸಲಿಕ್ಕೆ ಹೋದದ್ದರಿಂದಲೇ ಹೋದ ವರ್ಷ ಹತ್ತು ನಿಮಿಷದಲ್ಲಿ ಮುಗಿದು ಹೋಯಿತು.

ಅಲ್ಲಿ ನಾನಾದರೆ ಅಕ್ಷರದ ಮುಂದೆ ನಿಲ್ಲುತ್ತೇನೆ. ಒಂದು ಕನ್ನಡ ಶಾಸನ, ಒಂದು ಪಾರಸಿ ಶಾಸನ ಆರಿಸಿಕೊಳ್ಳಿ. ಪಕ್ಕದಿಂದ ಬೆಳಕು ಬೀಳುವ ಜಾಗದಲ್ಲಿದ್ದರೆ ಇನ್ನೂ ಒಳ್ಳೆಯದು. ಕನ್ನಡದಲ್ಲಿ ಅಕ್ಷರವನ್ನೇ ಒಳಗೆ ಕೊರೆದಿರುತ್ತಾರೆ, ನೆರಳು ಅಕ್ಷರದ ಒಳಗೆ ಬಿದ್ದಿರುತ್ತದೆ. ಪಾರಸಿಯಲ್ಲಿ ಸಾಮಾನ್ಯವಾಗಿ ಅಕ್ಷರ ಬಿಟ್ಟು ಸುತ್ತಲಿನ ಕಲ್ಲನ್ನು ತೆಗೆದಿರುತ್ತಾರೆ, ಅಕ್ಷರ ಮೇಲೆ ಎದ್ದು ನಿಂತಿರುತ್ತದೆ. ಒಂದೇ ನಾಡು, ಒಂದೇ ಥರದ ಕಲ್ಲು, ಬರೆಯುವ ರೀತಿ ಎರಡು. ಮಕ್ಕಳು ಇದನ್ನು ತಾವೇ ಕಂಡುಹಿಡಿಯುವವರೆಗೂ ಕಾಯಿರಿ, ನೀವು ಹೇಳಿಬಿಡಬೇಡಿ. ಆಮೇಲೆ ಕನ್ನಡ ಶಾಸನದಲ್ಲಿ ಗೊತ್ತಿರುವ ಅಕ್ಷರ ಹುಡುಕಲಿ. ಹನ್ನೊಂದು, ಹನ್ನೆರಡನೇ ಶತಮಾನದ ಶಾಸನವಾದರೆ ಗ, ನ, ರ ಹೀಗೆ ಕೆಲವು ಸಿಕ್ಕೇ ಸಿಗುತ್ತವೆ. ಬಹಳಷ್ಟು ಶಾಸನಗಳು "ಸ್ವಸ್ತಿ" ಅಂತ ಶುರುವಾಗುತ್ತವೆ, ಅದನ್ನು ಹೇಳಿಕೊಟ್ಟರೆ ಮೊದಲ ಪದ ಓದಿದ ಖುಷಿ ಅವರದು.

ಬೀದರಿ ಪಾತ್ರೆ ಕಂಡರೆ ಒಂದು ನಿಮಿಷ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಗೆರೆ ಕೊರೆದು, ಆ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣು ನವಸಾಗರ ಕೂಡಿಸಿ ಕುದಿಸಿದ ನೀರಿನಲ್ಲಿ ಅದ್ದುತ್ತಾರೆ. ಸತು ಕರ್ರಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ವಿಜ್ಞಾನದ ಮಾಸ್ತರ್ ಜೊತೆಗಿದ್ದರೆ ಈ ಪಾಠ ಅವರಿಗೆ ಬಿಡಿ. ಗುಮ್ಮಟದ ಒಳಗಿನ ಕೂಗಾಟ ಆಮೇಲೆ ಇದ್ದೇ ಇದೆ, ಅದನ್ನು ತಪ್ಪಿಸಲಿಕ್ಕಾಗದು, ತಪ್ಪಿಸಲೂಬಾರದು. ಮಹಮ್ಮದ್ ಆದಿಲ್‌ಶಾಹನ ಗೋರಿ ಅದು, ಆತ ತೀರಿಕೊಂಡದ್ದು 1656ರಲ್ಲಿ. ಒಳಗೆ ಒಂದು ಕಂಬವೂ ಇಲ್ಲದೆ ಹೊರಮೈಯಲ್ಲಿ ಸುಮಾರು 44 ಮೀಟರ್ ಅಗಲದ ಗುಮ್ಮಟ ನಿಂತದ್ದು ಹೇಗೆ ಅಂತ ಕೂಗುವ ಮೊದಲು ತಲೆ ಎತ್ತಿ ಕಮಾನುಗಳನ್ನು ನೋಡಿಸಿ. ಒಂದನ್ನೊಂದು ಹಾದುಹೋಗುವ ಎಂಟು ಕಮಾನು ಎಣಿಸಿದ ಮೇಲೆ ಕೂಗಲಿ.

ಐಹೊಳೆಯ ಮ್ಯೂಸಿಯಂ ದುರ್ಗ ಗುಡಿಯ ಆವರಣದಲ್ಲೇ ಇದೆ. ಮೇಗುತಿ ಗುಡ್ಡದ ಜೈನ ಬಸದಿಯಿಂದ ಬಂದ ಅಂಬಿಕೆ ಅನ್ನುವ ಜೈನ ಯಕ್ಷಿಯ ಮೂರ್ತಿ ಅಲ್ಲಿದೆ, ಅವಳೊಬ್ಬಳಿಗಾಗಿ ಹೋದರೂ ನಷ್ಟವಿಲ್ಲ. ಆದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸಬೇಡಿ, ಮಕ್ಕಳಿಗೆ ಬಸ್ಸಿನ ಕಿಟಕಿ ಬಿಟ್ಟು ಏನೂ ನೆನಪಿರುವುದಿಲ್ಲ. ಬೆಳಗಾವಿ ಕಡೆ ಹೋದರೆ ಕಿತ್ತೂರು ಕೋಟೆಯ ಮ್ಯೂಸಿಯಂ ನೋಡಬಹುದು.

ಒಂದು ಮುಖ್ಯ ವಿಷಯ: ಬಾದಾಮಿ, ಐಹೊಳೆ, ವಿಜಯಪುರ ಮೂರೂ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಗುಹೆ, ಗುಮ್ಮಟ ತೆರೆದೇ ಇರುತ್ತವೆ, ಮ್ಯೂಸಿಯಂ ಮಾತ್ರ ಮುಚ್ಚಿರುತ್ತದೆ. ಇದು ಗೊತ್ತಿಲ್ಲದೆ ಬಾಗಿಲವರೆಗೂ ಬಂದು ವಾಪಸ್ ಹೋದ ಶಾಲೆಗಳು ಎಷ್ಟೋ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಶಾಲೆಯ ಲೆಟರ್‌ಹೆಡ್ ಮೇಲೆ ಒಂದು ಪತ್ರ ಮೊದಲೇ ಕಳಿಸಿ, ಇಂಥ ದಿನ ಇಷ್ಟು ಮಕ್ಕಳು ಬರುತ್ತೇವೆ, ಯಾರಾದರೂ ಹತ್ತು ನಿಮಿಷ ಮಾತಾಡಿದರೆ ಉಪಕಾರ ಆಗುತ್ತದೆ ಅಂತ. ಕೇಳುವವರು ಕಡಿಮೆ, ಕೇಳಿದರೆ ಖುಷಿಯಿಂದ ಬರುತ್ತಾರೆ. ನಾನಂತೂ ಹಾಗೆ ಬಂದ ಪತ್ರಗಳನ್ನು ಕಾಯುತ್ತಿದ್ದೆ.

ವಾಪಸ್ ಬಂದ ಮೇಲೆ ಪ್ರಬಂಧ ಬರೆಸಬೇಡಿ. ಶಾಲೆಯಲ್ಲಿ ಒಂದು ಕಪಾಟಿನ ಎರಡು ಅಂಕಣ ಖಾಲಿ ಮಾಡಿ, ಪ್ರತಿಯೊಬ್ಬರೂ ಮನೆಯಿಂದ ಒಂದು ಹಳೆಯ ವಸ್ತು ತರಲಿ. ಸೇರು, ಪಾವು, ಚಿಮಣಿ, ಲಾಳಿ, ದನದ ಕೊರಳ ಗಂಟೆ, ಕೌದಿಯ ತುಂಡು, ಮುರಿದ ಕೂರಿಗೆಯ ತಾಳು. ಫಲಕ ಅವರೇ ಬರೆಯಲಿ. ಹೆಸರು, ಯಾವುದರಿಂದ ಮಾಡಿದ್ದು, ಯಾರು ಬಳಸುತ್ತಿದ್ದರು, ಈಗ ಯಾಕೆ ಬಳಸುವುದಿಲ್ಲ. ಕೊನೆಯ ಸಾಲಿಗಾಗಿ ಅವರು ಅಜ್ಜ ಅಜ್ಜಿಯ ಹತ್ತಿರ ಕೂತು ಕೇಳಲೇಬೇಕಾಗುತ್ತದೆ. ಹೊಲ ಉಳುವಾಗ ಹಳೆಯ ನಾಣ್ಯವೋ ಮೂರ್ತಿಯೋ ಸಿಕ್ಕಿದ್ದನ್ನು ಯಾವುದಾದರೂ ಮಗು ತಂದರೆ ಮಾತ್ರ ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ. ಅಂಥದ್ದನ್ನು ಸರಕಾರಕ್ಕೆ ತಿಳಿಸಬೇಕು ಅಂತ 1878ರಿಂದಲೂ ಕಾಯ್ದೆ ಇದೆ. ತಹಶೀಲ್ದಾರ ಕಚೇರಿಗೆ ಬರೆದು ಕೊಡಿ. ತಂದ ಮಗುವನ್ನು ಬೈಯಬೇಡಿ, ಯಾವ ಹೊಲ, ಎಷ್ಟು ಆಳ, ಜೊತೆಗೆ ಬೇರೇನಿತ್ತು ಅಂತ ಅದರ ಕೈಯಲ್ಲೇ ಬರೆಸಿ, ಆ ಚೀಟಿಯನ್ನೂ ಅರ್ಜಿಯ ಜೊತೆ ಲಗತ್ತಿಸಿ. ಆ ವಸ್ತು ಮುಂದೆ ಯಾವ ಮ್ಯೂಸಿಯಂಗೆ ಹೋದರೂ ಅದು ಎಲ್ಲಿಂದ ಬಂತು ಅಂತ ಹೇಳುವುದು ಆ ಚೀಟಿ ಒಂದೇ.